ಅಂತೆ ಎಂಬ ಪೆಟ್ಟಿಗೆ

ನಮ್ಮ ಟಿವಿ ಕೆಳಗಿನ ಕಪಾಟಿನಲ್ಲಿ ಒಂದು ಖಾನೆ ಹದಿನಾಲ್ಕು ತಿಂಗಳಿಂದ ಖಾಲಿ ಇದೆ. ಅಲ್ಲಿ ಯಾರೂ ಏನೂ ಇಡುವಂತಿಲ್ಲ. ಮಗಳು ಒಮ್ಮೆ ಬಣ್ಣದ ಪೆನ್ಸಿಲ್ ಡಬ್ಬಿ ಇಟ್ಟಳು, ತೆಗೆಸಿದೆ. ಅಮ್ಮ ಕನ್ನಡಕ ಇಟ್ಟಳು, ಅದನ್ನೂ ತೆಗೆಸಿದೆ. "ಇಲ್ಲೇನು ಬರುತ್ತೆ?" ಅಂತ ಮನೆಗೆ ಬಂದವರು ಕೇಳಿದರೆ ಹೆಂಡತಿ ಮಾತಾಡದೆ ನನ್ನ ಕಡೆ ಕೈ ತೋರಿಸುತ್ತಾಳೆ. ನಾನು ಗಂಟಲು ಸರಿಮಾಡಿಕೊಂಡು, "ಟಿವಿ ಕಾರ್ಯಕ್ರಮ ಹಿಡಿದಿಡೋ ಹೊಸ ರೆಕಾರ್ಡರ್ ಬರ್ತಾ ಇದೆಯಂತೆ" ಅನ್ನುತ್ತೇನೆ.

ಕಥೆಯೆಲ್ಲ ಆ ಕೊನೆಯ ಎರಡಕ್ಷರದಲ್ಲಿದೆ.

ಕನ್ನಡದಲ್ಲಿ ಇದೊಂದು ಸೌಕರ್ಯ ನೋಡಿ. ಮಾತಿನ ತುದಿಗೆ 'ಅಂತೆ' ಅಂಟಿಸಿಬಿಟ್ಟರೆ ಸಾಕು. ಯಾರು ಹೇಳಿದ್ದು, ಎಲ್ಲಿ ಕೇಳಿದ್ದು ಅಂತ ಯಾರೂ ಹಿಡಿದು ಕೇಳುವುದಿಲ್ಲ. ಎಂಟು ಟ್ಯೂನರ್ ಅಂತೆ, ಅಂದರೆ ಒಂದೇ ಸಲ ಎಂಟು ಚಾನೆಲ್ ಹಿಡಿಯುತ್ತಂತೆ. ಎರಡು ಟಿಬಿ ಡಿಸ್ಕ್ ಅಂತೆ. ಫ್ಯಾನೇ ಇಲ್ಲವಂತೆ, ಅದಕ್ಕೇ ಸದ್ದೂ ಇಲ್ಲವಂತೆ. ಜಾಹೀರಾತನ್ನು ತಾನೇ ಹಾರಿಸುತ್ತಂತೆ. ಇದನ್ನೆಲ್ಲ ಮಾಡಲಿರುವ ಕಂಪನಿ ಮಾತ್ರ ಇದುವರೆಗೆ ಒಂದು ಸಾಲೂ ಹೇಳಿಲ್ಲ. ಹೇಳದಿರುವುದನ್ನೇ ನನ್ನ ಗೆಳೆಯ ದೊಡ್ಡ ಸಾಕ್ಷಿ ಮಾಡಿಕೊಂಡಿದ್ದಾನೆ. "ಏನೂ ಇಲ್ಲದಿದ್ರೆ ಇಲ್ಲ ಅಂತ ಹೇಳ್ತಿದ್ರು ಕಣೋ. ಸುಮ್ನಿದ್ದಾರೆ ಅಂದ್ರೆ ಇದೆ ಅಂತಲೇ ಅರ್ಥ." ಈ ತರ್ಕಕ್ಕೆ ಎದುರಾಡಲು ನನಗೆ ಇವತ್ತಿಗೂ ಆಗಿಲ್ಲ. ಆಸೆಯೂ ಇಲ್ಲ.

ಈಗಿರುವ ಪೆಟ್ಟಿಗೆಯೂ ರೆಕಾರ್ಡರೇ. ಎರಡು ಟ್ಯೂನರ್, 500 ಜಿಬಿ ಡಿಸ್ಕ್. ಒಂದು ಚಾನೆಲ್ ನೋಡುತ್ತ ಇನ್ನೊಂದನ್ನು ತುಂಬಿಸಿಕೊಳ್ಳಬಹುದು. ಒಳ್ಳೆಯ ಪ್ರಾಣಿ. ಆದರೆ ಮನೆಯಲ್ಲಿರುವುದರ ಮೇಲೆ ಯಾರಿಗೆ ಮೋಹ ಹುಟ್ಟುತ್ತದೆ, ಹೇಳಿ?

ನಾನು ಚಿಕ್ಕವನಿದ್ದಾಗ ಮನೆಯಲ್ಲಿ ಟೇಪಿನ ಮೇಲೆ ರೆಕಾರ್ಡ್ ಮಾಡುವ ವಿಸಿಆರ್ ಇತ್ತು. ಅದರ ಟೇಪಿನ ನಮೂನೆಗಳಲ್ಲಿ ಬೀಟಾಮ್ಯಾಕ್ಸ್ ಬಂದದ್ದು 1975ರಲ್ಲಿ, ವಿಎಚ್‌ಎಸ್ ಅದರ ಮರುವರ್ಷ. ನಮ್ಮದು ವಿಎಚ್‌ಎಸ್. ಅದರ ಮುಖದ ಮೇಲೆ 12:00 ಅಂತ ಸದಾ ಮಿಣುಕುತ್ತಿತ್ತು. ಗಡಿಯಾರ ಸರಿ ಇಲ್ಲದಿದ್ದರೆ ಟೈಮರ್ ರೆಕಾರ್ಡಿಂಗ್ ಆಗುವುದಿಲ್ಲ. ಗಡಿಯಾರ ಸರಿ ಮಾಡುವುದು ಹೇಗೆ ಅಂತ ಅಪ್ಪನಿಗೆ ಗೊತ್ತಿರಲಿಲ್ಲ. ಗೊತ್ತಿಲ್ಲ ಅಂತ ಒಪ್ಪಿಕೊಳ್ಳುವುದೂ ಗೊತ್ತಿರಲಿಲ್ಲ. ಆ ಯಂತ್ರ ಹನ್ನೊಂದು ವರ್ಷ ಬದುಕಿತು. ಬದುಕಿದ್ದಷ್ಟು ದಿನವೂ ಅದರ ಪಾಲಿಗೆ ಮಧ್ಯರಾತ್ರಿಯೇ.

ಟೇಪಿನ ಜಾಗಕ್ಕೆ ಹಾರ್ಡ್ ಡಿಸ್ಕ್ ಬಂದದ್ದು 1999ರಲ್ಲಿ. ಟಿವೊ, ರಿಪ್ಲೇಟಿವಿ ಅಂತ ಎರಡು ಪೆಟ್ಟಿಗೆಗಳು ಆ ವರ್ಷದ ಮೊದಲಲ್ಲೇ ಲಾಸ್ ವೇಗಸ್‌ನ ದೊಡ್ಡ ಮೇಳದಲ್ಲಿ ಮುಖ ತೋರಿಸಿದವು. ನೇರ ಪ್ರಸಾರವನ್ನೇ ನಡುವೆ ನಿಲ್ಲಿಸಿ ಎದ್ದು ಹೋಗಬಹುದು ಅಂದಾಗ ಜನ ನಂಬಲಿಲ್ಲ. ಆಮೇಲೆ ಅದೇ ವಿದ್ಯೆ ಡಿಶ್ ಪೆಟ್ಟಿಗೆಗಳ ಒಳಗೂ ಸೇರಿಕೊಂಡಿತು. 2001ರಲ್ಲಿ ಬ್ರಿಟನ್ನಿನಲ್ಲಿ ಬಂದ ಸ್ಕೈ ಪ್ಲಸ್‌ಗೆ ಇದ್ದದ್ದು 40 ಜಿಬಿ ಡಿಸ್ಕ್. ಈಗ ಅಷ್ಟು ಜಾಗ ನನ್ನ ಫೋನಿನಲ್ಲಿ ಬರೀ ಶುಭೋದಯದ ಚಿತ್ರಗಳಿಗೇ ಹೋಗುತ್ತದೆ.

ಡಿಶ್ ರೆಕಾರ್ಡರ್‌ನ ಒಂದು ಗುಣ ನನಗೆ ಬಹಳ ಇಷ್ಟ. ಅದು ಬಂದ ಚಿತ್ರವನ್ನು ಏನೂ ಬದಲಿಸುವುದಿಲ್ಲ. ಮೇಲಿನಿಂದ ಬಂದ ಅಂಕಿಗಳನ್ನು ಬಂದ ಹಾಗೇ ಡಿಸ್ಕಿಗೆ ಸುರಿದುಕೊಳ್ಳುತ್ತದೆ. ಭೂಮಧ್ಯರೇಖೆಯ ಮೇಲೆ 35,786 ಕಿಲೋಮೀಟರ್ ಎತ್ತರದಿಂದ ಇಳಿದ ಚಿತ್ರ ಒಂದು ಚುಕ್ಕಿಯನ್ನೂ ಕಳೆದುಕೊಳ್ಳದೆ ನಮ್ಮ ಕಪಾಟಿಗೆ ಬಂದು ಕೂರುತ್ತದೆ. ಅಡುಗೆಮನೆಯಿಂದ ಹೆಂಡತಿ ಹೇಳಿದ ಮಾತು ಟಿವಿ ಕೋಣೆ ತಲುಪುವಷ್ಟರಲ್ಲಿ ಅರ್ಧ ಉದುರಿರುತ್ತದೆ. ಹಾಗಂತ ನಾನು ವಾದಿಸಿ ನೋಡಿದ್ದೇನೆ. ನಡೆಯಲಿಲ್ಲ.

ಇರಲಿ, ಹೊಸ ಪೆಟ್ಟಿಗೆಗೆ ಬರೋಣ. ಅಂದರೆ, ಬಾರದ ಪೆಟ್ಟಿಗೆಗೆ.

ಒಂದು ರಾತ್ರಿ ಹನ್ನೊಂದರ ಹೊತ್ತಿಗೆ ಗೆಳೆಯ ಒಂದು ಫೋಟೊ ಕಳಿಸಿದ. ಜೊತೆಗೆ ಒಂದೇ ಪದ: "ಸಿಕ್ತು." ಕತ್ತಲಲ್ಲಿ ಒಂದು ಕಪ್ಪು ಪೆಟ್ಟಿಗೆ. ಎಲ್ಲ ಮಸುಕು ಮಸುಕು. "ಕದ್ದು ತೆಗೆದದ್ದು ಹಾಗೇ ಇರುತ್ತೆ" ಅಂದ. ಫೋಟೊ ಎಷ್ಟು ಮಸುಕೋ ಅಷ್ಟು ನಂಬಿಕೆ ಬರುತ್ತದೆ, ಇದು ಈ ವ್ಯವಹಾರದ ನಿಯಮ. ಪೆಟ್ಟಿಗೆಯ ಮುಂದೆ ದುಂಡಗೆ ಏನೋ ಹೊಳೆಯುತ್ತಿತ್ತು. ತಿರುಗಿಸುವ ಗುಂಡಿ ಅಂತ ಅವನು. ರಿಮೋಟಿನ ಹೊಸ ನಮೂನೆಯ ಕಣ್ಣು ಅಂತ ನಾನು. ಒಂಬತ್ತು ದಿನ ಇದರ ಮೇಲೆ ವಾದ ನಡೆಯಿತು. ನಾನು ಸ್ಕೇಲ್ ಹಿಡಿದು, ಪರದೆಯ ಮೇಲೆ ಅದರ ಅಡ್ಡಳತೆ ತೆಗೆದು, ಪೆಟ್ಟಿಗೆಯ ಅಗಲಕ್ಕೆ ಹೋಲಿಸಿ ಲೆಕ್ಕ ಹಾಕಿದೆ. ಹತ್ತನೇ ದಿನ ಮಗಳು ಹೆಗಲ ಮೇಲಿಂದ ಇಣುಕಿದಳು.

"ಅಪ್ಪ, ಅದು ಫ್ಲ್ಯಾಶ್ ಬೆಳಕು."

ಅಷ್ಟಕ್ಕೇ ಮುಗಿದಿದ್ದರೆ ಮರ್ಯಾದೆ ಉಳಿಯುತ್ತಿತ್ತು. ಹೆಂಡತಿಯೂ ಬಂದು ನೋಡಿದಳು. "ಇದು ನಮ್ಮ ಅಟ್ಟದ ಮೇಲಿರೋ ಡಿವಿಡಿ ಪ್ಲೇಯರ್ ಥರಾನೇ ಇದೆಯಲ್ರೀ" ಅಂದಳು. ನಾನು ನಕ್ಕೆ. ಅವಳು ನಗಲಿಲ್ಲ. ಸ್ಟೂಲ್ ಹಾಕಿ ಹತ್ತಿ, ಧೂಳು ಒರೆಸಿ, ಅದನ್ನು ತಂದು ಫೋಟೊ ಪಕ್ಕ ಇಟ್ಟಳು. ಅದೇ ಮೂಲೆ, ಅದೇ ಸೀಳು, ಬಲಗಡೆ ಅದೇ ಮೂರು ಗುಂಡಿ. ಆಮೇಲೆ ಆ ಡಿವಿಡಿ ಪ್ಲೇಯರನ್ನು ನನ್ನ ಖಾಲಿ ಖಾನೆಗೆ ತಳ್ಳಿ, "ಬಂತು ನೋಡಿ ನಿಮ್ಮ ಹೊಸ ಪೆಟ್ಟಿಗೆ" ಅಂದಳು. ಅದನ್ನೂ ತೆಗೆಸಿದೆ.

ಆಮೇಲೆ ಗೆಳೆಯ ಫೋಟೊ ಬಿಟ್ಟು ಕಾಗದ ಹಿಡಿದ. ಅಮೆರಿಕದಲ್ಲಿ ರೇಡಿಯೊ ಅಲೆ ಹೊಮ್ಮಿಸುವ ಸಾಮಾನನ್ನು ಮಾರುವ ಮುಂಚೆ ಎಫ್‌ಸಿಸಿ ಅನ್ನುವ ಸರ್ಕಾರಿ ಸಂಸ್ಥೆಯ ಒಪ್ಪಿಗೆ ಪಡೆಯಬೇಕು. ಆ ಒಪ್ಪಿಗೆಯ ಕಾಗದಗಳಲ್ಲಿ ಬಹಳಷ್ಟನ್ನು ಯಾರು ಬೇಕಾದರೂ ತೆರೆದು ಓದಬಹುದು. ಅಂತೆಕಂತೆ ಪ್ರಿಯರಿಗೆ ಅದೊಂದು ಗಣಿ. ಅವನಿಗೆ ಅಲ್ಲೊಂದು ರಿಮೋಟಿನ ಕಾಗದ ಸಿಕ್ಕಿತು. ಬರೀ ರಿಮೋಟ್. "ರಿಮೋಟ್ ಇದೆ ಅಂದ್ಮೇಲೆ ಪೆಟ್ಟಿಗೆ ಇರಲೇಬೇಕಲ್ವೇನೋ?" ಬಾಲ ಸಿಕ್ಕಿದೆ, ಇನ್ನು ಹಸು ಎಷ್ಟು ದೂರ ಅನ್ನುವ ಧಾಟಿ. ನನಗೂ ಆ ಹಸುವಿನ ಗಂಟೆ ಸದ್ದು ಕೇಳಿಸತೊಡಗಿತು. ತಪ್ಪು ಶುರುವಾದದ್ದು ಅಲ್ಲೇ.

ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸಿದರು ಅಂತಾರಲ್ಲ. ನಾನು ತಂತಿ ಎಳೆಸಿದೆ. ಎಳೆಸಿದೆ ಅಂದರೆ, ನಾನೇ ಎಳೆದೆ.

ಇದಕ್ಕೊಂದು ಕಾರಣ ಇದೆ, ಸ್ವಲ್ಪ ಕೇಳಿ. ಡಿಶ್ಶಿನ ಮುಂದೆ ಕೋಳಿಯ ಕೊಕ್ಕಿನ ಹಾಗೆ ಚಾಚಿಕೊಂಡಿರುತ್ತದಲ್ಲ, ಅದು ಎಲ್‌ಎನ್‌ಬಿ. ಡಿಶ್ ಹಿಡಿದುಕೊಟ್ಟ ಅಲೆಯನ್ನು ತಂತಿಯಲ್ಲಿ ಹರಿಯುವಂಥ ತಗ್ಗಿನ ಅಲೆಯಾಗಿ ಮಾಡುವುದು ಅದರ ಕೆಲಸ. ಆ ತಂತಿಯಲ್ಲಿ ಚಿತ್ರ ಕೆಳಗೆ ಬರುತ್ತದೆ ಅಂತ ಎಲ್ಲರಿಗೂ ಗೊತ್ತು. ಅದೇ ತಂತಿಯಲ್ಲಿ ಅಪ್ಪಣೆ ಮೇಲೆ ಹೋಗುತ್ತದೆ ಅನ್ನುವುದು ಹೆಚ್ಚಿನವರಿಗೆ ಗೊತ್ತಿಲ್ಲ. ಪೆಟ್ಟಿಗೆ 13 ವೋಲ್ಟ್ ಕಳಿಸಿದರೆ ಒಂದು ಗುಂಪಿನ ಚಾನೆಲ್ ಕೊಡು ಅಂತ. 18 ವೋಲ್ಟ್ ಕಳಿಸಿದರೆ ಇನ್ನೊಂದು ಗುಂಪು. ಲಂಬ ಅಲೆ, ಅಡ್ಡ ಅಲೆ ಅಂತ ವ್ಯತ್ಯಾಸ. ಈಗ ಒಂದೇ ತಂತಿಗೆ ಎರಡು ಟ್ಯೂನರ್ ಸಿಕ್ಕಿಸಿದಿರಿ ಅಂದುಕೊಳ್ಳಿ. ಒಂದು 13 ಅನ್ನುತ್ತದೆ, ಇನ್ನೊಂದು 18 ಅನ್ನುತ್ತದೆ. ಒಂದೇ ರಿಮೋಟನ್ನು ಅತ್ತೆ ಸೊಸೆ ಇಬ್ಬರೂ ಹಿಡಿದ ಹಾಗೆ. ಅದಕ್ಕೇ ಒಂದೊಂದು ಟ್ಯೂನರಿಗೂ ಒಂದೊಂದು ತಂತಿ ಬೇಕು. ನಮ್ಮ ಹಳೆಯ ಪೆಟ್ಟಿಗೆಗೆ ಎರಡಿದ್ದವು. ಎಂಟು ಟ್ಯೂನರಿನ ಪೆಟ್ಟಿಗೆ ಬಂದರೆ? ಎಂಟು ಎಳೆಯುವಷ್ಟು ಧೈರ್ಯ ಬರಲಿಲ್ಲ. ಸದ್ಯಕ್ಕೆ ಇನ್ನೂ ನಾಲ್ಕು ಇರಲಿ ಅಂದುಕೊಂಡೆ.

ಹೊಸ ಎಲ್‌ಎನ್‌ಬಿ ತಂದೆ, ತಂತಿ ತಂದೆ, ಡ್ರಿಲ್ ಸಾಲ ತಂದೆ. ಹೊರಗಿನ ಗೋಡೆಯಲ್ಲಿ ಕಿಟಕಿಯ ಅಂಚಿನಿಂದ ಅಳೆದು ಪೆನ್ಸಿಲ್ ಗುರುತು ಹಾಕಿದೆ. ಒಳಗೆ ಯಾವ ಅಂಚಿನಿಂದ ಅಳೆದಿದ್ದೆನೋ ಹೊರಗೂ ಅದೇ ಅಂಚಿನಿಂದ ಅಳೆಯಬೇಕಿತ್ತು. ನಾನು ಎರಡೂ ಕಡೆ ಎಡದ ಅಂಚಿನಿಂದ ಅಳೆದೆ. ಒಳಗಿನವರ ಎಡ ಹೊರಗಿನವರಿಗೆ ಬಲ ಅನ್ನುವುದು ಏಣಿಯ ಮೇಲೆ ನಿಂತವನಿಗೆ ಹೊಳೆಯುವುದಿಲ್ಲ.

ಡ್ರಿಲ್ ಚೆನ್ನಾಗಿಯೇ ಇಳಿಯುತ್ತಿತ್ತು. ಇಟ್ಟಿಗೆಯ ಕೆಂಪು ಪುಡಿ ಮುಂಗೈ ಮೇಲೆ ಉದುರುತ್ತಿತ್ತು. ಒಂದು ಗೇಣು ಹೋದ ಮೇಲೆ ಟಪ್ ಅಂತ ಸಡಿಲವಾಯಿತು. ಗೋಡೆ ದಾಟಿದೆ ಅಂತ ಖುಷಿಪಟ್ಟೆ. ಮರುಕ್ಷಣ ಮತ್ತೆ ಬಿಗಿಯಾಯಿತು. ಗುರ್ರ್ ಗುರ್ರ್ ಅಂದು ನಿಂತೇಬಿಟ್ಟಿತು. ಗೋಡೆಯೊಳಗೆ ಕಬ್ಬಿಣದ ಸರಳು ಸಿಕ್ಕಿರಬೇಕು ಅಂತ ಭುಜ ಕೊಟ್ಟು ಒತ್ತಿದೆ. ಒಳಗಿನಿಂದ ಅಮ್ಮನ ಕೂಗು.

"ಬೀರು ನಡುಗ್ತಾ ಇದೆ! ಬೀರು ನಡುಗ್ತಾ ಇದೆ!"

ಓಡಿ ಹೋದೆ. ಅಮ್ಮನ ಕೋಣೆಯ ಮರದ ಬೀರು. ಬಾಗಿಲು ತೆರೆದರೆ ಹಿಂಬದಿಯ ಹಲಗೆ ತೂತಾಗಿ ಡ್ರಿಲ್ಲಿನ ತುದಿ ಒಳಗೆ ಬಂದಿತ್ತು. ಅವಳ ಬೂದುಬಣ್ಣದ ಶಾಲು ಅದಕ್ಕೆ ಗಟ್ಟಿಯಾಗಿ ಸುತ್ತಿಕೊಂಡಿತ್ತು, ಬುಗುರಿಗೆ ಸುತ್ತಿದ ಹುರಿಯ ಹಾಗೆ. ಅಮ್ಮ ಅದನ್ನು ನೋಡಿದಳು, ನನ್ನನ್ನು ನೋಡಿದಳು. "ಅದಕ್ಕೂ ಚಳಿ ಆಗಿತ್ತೇನೋ" ಅಂದಳು.

ಎರಡನೇ ತೂತು ಸರಿಯಾಗಿ ಬಿತ್ತು. ಎಲ್‌ಎನ್‌ಬಿಯನ್ನೂ ನಾನೇ ಕೂರಿಸಿದೆ. ರಾತ್ರಿ ನೋಡಿದರೆ ಅರ್ಧದಷ್ಟು ಚಾನೆಲ್‌ಗಳಲ್ಲಿ ಬರೀ ಚೌಕ ಚೌಕ. ಮಾರನೇ ದಿನ ಕರೆಸಿದ ರಿಪೇರಿ ಹುಡುಗ ಮೇಲೆ ಹತ್ತಿ, ಎಲ್‌ಎನ್‌ಬಿಯನ್ನು ಬೀಗದ ಕೀಲಿ ತಿರುಗಿಸಿದಷ್ಟು ಓರೆ ಮಾಡಿ, ಎರಡು ನಿಮಿಷದಲ್ಲಿ ಇಳಿದ. ಅದನ್ನು ತಕ್ಕ ಓರೆಯಲ್ಲಿ ಕೂರಿಸದಿದ್ದರೆ ಲಂಬ ಅಲೆಯ ಚಾನೆಲ್ಲು ಅಡ್ಡ ಅಲೆಯದರ ಮೇಲೆ ಬಂದು ಬೀಳುತ್ತದೆ. ಇದು ನನಗೆ ಗೊತ್ತಿತ್ತು. ಗೊತ್ತಿರುವುದಕ್ಕೂ ಏಣಿಯ ಮೇಲೆ ಜ್ಞಾಪಕಕ್ಕೆ ಬರುವುದಕ್ಕೂ ಸಂಬಂಧ ಇಲ್ಲ. ಹೋಗುವಾಗ ಅವನು ಗೋಡೆಯಿಂದ ಇಳಿಬಿದ್ದ ನಾಲ್ಕು ತುದಿಗಳನ್ನು ನೋಡಿದ.

"ಇವು ಯಾತಕ್ಕೆ ಸರ್?"

"ಎಂಟು ಟ್ಯೂನರಿನ ಪೆಟ್ಟಿಗೆ ಬರುತ್ತಂತೆ."

ಅವನು ಒಂದು ಕ್ಷಣ ಸುಮ್ಮನಿದ್ದ. "ಬರಲಿ ಸರ್" ಅಂದ. ಕಾಯಿಲೆಯವರಿಗೆ ಹೇಳುವ ದನಿಯಲ್ಲಿ.

ಮೂರು ವಾರ ಕಳೆದಿರಲಿಲ್ಲ. ಗೆಳೆಯನ ಫೋನ್ ಬಂತು. ದನಿಯಲ್ಲಿ ಸಂಭ್ರಮ. "ಲೋ, ದೊಡ್ಡ ಸುದ್ದಿ! ಹೊಸದಕ್ಕೆ ಒಂದೇ ತಂತಿ ಸಾಕಂತೆ ಕಣೋ!" ಎಲ್‌ಎನ್‌ಬಿಯೇ ಪ್ರತಿ ಟ್ಯೂನರಿಗೂ ಒಂದೊಂದು ಬೇರೆ ಅಲೆಯ ಜಾಗ ಗೊತ್ತು ಮಾಡಿ, ಎಲ್ಲವನ್ನೂ ಒಂದೇ ತಂತಿಯಲ್ಲಿ ಕಳಿಸುತ್ತದಂತೆ. ಇದೇನೂ ಅಂತೆ ಅಲ್ಲ, ನಿಜ. ಯುರೋಪಿನಲ್ಲಿ 2007ರಲ್ಲೇ ಅದಕ್ಕೊಂದು ಮಾನದಂಡ ಬಂದಿದೆ, ಒಂದು ತಂತಿಯಲ್ಲಿ ಎಂಟು ಟ್ಯೂನರ್‌ವರೆಗೆ ನಡೆಸಬಹುದು. ನಾನು ಗೋಡೆಯ ನಾಲ್ಕು ತುದಿಗಳನ್ನು ನೋಡುತ್ತ ಕೂತೆ. ಈಗ ಅವುಗಳಲ್ಲಿ ಒಂದಕ್ಕೆ ಕೀಲಿಗೊಂಚಲು ನೇತುಬಿದ್ದಿದೆ. ಒಂದಕ್ಕೆ ಅಮ್ಮನ ಕನ್ನಡಕದ ದಾರ. ಮಿಕ್ಕ ಎರಡನ್ನು ಮಗಳು ಜಡೆ ಹೆಣೆದಿದ್ದಾಳೆ.

ಅಮ್ಮ ಇಷ್ಟರಲ್ಲಿ ಒಂದೇ ಒಂದು ಪ್ರಶ್ನೆ ಕೇಳಿದ್ದು. "ಹೊಸದು ಬಂದ್ರೆ ಮಳೆ ಬಂದಾಗಲೂ ಟಿವಿ ಬರುತ್ತಾ?"

ಈ ಹದಿನಾಲ್ಕು ತಿಂಗಳಲ್ಲಿ ಯಾರಾದರೂ ಸರಿಯಾದ ಪ್ರಶ್ನೆ ಕೇಳಿದ್ದರೆ ಅದು ಇದೇ. ಉತ್ತರ, ಇಲ್ಲ. ಡಿಶ್ಶಿಗೆ ಬರುವ ಅಲೆ ಸುಮಾರು 12 ಗಿಗಾಹರ್ಟ್ಸ್‌ನದು, ಎರಡೂವರೆ ಸೆಂಟಿಮೀಟರ್ ಉದ್ದದ್ದು. ದಪ್ಪ ಹನಿಯ ಮಳೆ ಅದನ್ನು ಹೀರುತ್ತದೆ, ಚೆದುರಿಸುತ್ತದೆ. ಕೆಳಗೆ ಎಂಥ ಪೆಟ್ಟಿಗೆ ಇಟ್ಟರೂ ಮೋಡ ಅದೇ. ದೊಡ್ಡ ಡಿಶ್ ಹಾಕಿದರೆ ಸ್ವಲ್ಪ ತಡೆದುಕೊಳ್ಳಬಹುದು, ಅಷ್ಟೇ. ಇದನ್ನೆಲ್ಲ ವಿವರಿಸಿದೆ. ಅಮ್ಮ ಪೂರ್ತಿ ಕೇಳಿ, "ಮತ್ತೆ ಯಾಕಪ್ಪ ಹೊಸದು?" ಅಂದು ಒಳಗೆ ಹೋದಳು.

ಗುಪ್ತ ಸಂಕೇತದ ವಿಷಯ ಹೇಳಲೋ ಬೇಡವೋ ಅಂತ ಯೋಚಿಸುತ್ತಿದ್ದೆ. ಹೇಳಿಬಿಡುತ್ತೇನೆ. ಹಳೆಯ ಟಿವೊದಲ್ಲಿ ಸೆಲೆಕ್ಟ್, ಪ್ಲೇ, ಸೆಲೆಕ್ಟ್, 3, 0, ಸೆಲೆಕ್ಟ್ ಅಂತ ಸಾಲಾಗಿ ಒತ್ತಿದರೆ 30 ಸೆಕೆಂಡ್ ಮುಂದಕ್ಕೆ ಹಾರುವ ಗುಪ್ತ ಸೌಲಭ್ಯ ತೆರೆದುಕೊಳ್ಳುತ್ತಿತ್ತು. ಒಂದು ಜಾಹೀರಾತಿಗೆ ಒಂದು ಒತ್ತು. "ಎಲ್ಲ ಪೆಟ್ಟಿಗೆಗೂ ಇಂಥದ್ದೊಂದು ಇಟ್ಟೇ ಇರ್ತಾರೆ" ಅಂದ ಗೆಳೆಯ. "ಹೊಸದರ ಗುಟ್ಟು ಹಳೆಯದರಲ್ಲೇ ಅಡಗಿರುತ್ತೆ." ಮನೆಯಲ್ಲಿ ಯಾರೂ ಇಲ್ಲದ ಒಂದು ಮಧ್ಯಾಹ್ನ ನಾನು ನಮ್ಮ ರಿಮೋಟಿನ ಮೇಲೆ ಸಂಶೋಧನೆಗೆ ಕೂತೆ. ಸುಮಾರು ನಲವತ್ತು ಪ್ರಯತ್ನ. ನಲವತ್ತೊಂದನೆಯದಕ್ಕೆ ಪರದೆ ಒಮ್ಮೆ ಮಿಣುಕಿತು. ಎದೆ ಧಸಕ್ ಅಂದಿತು.

ಮೆನುವಿನ ಭಾಷೆ ಬದಲಾಗಿತ್ತು. ಯಾವ ಭಾಷೆ ಅಂತ ಕೇಳಬೇಡಿ. ಯಾವ ಲಿಪಿ ಅಂತಲೇ ತಿಳಿಯಲಿಲ್ಲ. ಹಿಂದಕ್ಕೆ ತರಬೇಕಾದರೆ ಭಾಷೆಯ ಪುಟಕ್ಕೆ ಹೋಗಬೇಕು, ಭಾಷೆಯ ಪುಟ ಯಾವುದು ಅಂತ ಓದಲು ಆ ಭಾಷೆ ಬರಬೇಕು. ಎರಡು ದಿನ ನಮ್ಮ ಮನೆಯವರೆಲ್ಲ ಟಿವಿಯೊಳಗೆ ಪರದೇಶಿಗಳಾಗಿ ಬದುಕಿದೆವು. ಅಮ್ಮನಿಗೆ ಮಾತ್ರ ಏನೂ ತೊಂದರೆಯಾಗಲಿಲ್ಲ. ಅವಳು ಮೊದಲಿನಿಂದಲೂ ಮೆನು ಓದಿದವಳಲ್ಲ. ಕೊನೆಗೆ ಮಗಳು ರಿಮೋಟ್ ಈಸಿಕೊಂಡು, ಕಣ್ಣು ಮುಚ್ಚಿ, ಕೆಳಗೆ ನಾಲ್ಕು, ಬಲಕ್ಕೆ ಒಂದು, ಕೆಳಗೆ ಎರಡು, ಓಕೆ ಅಂತ ಒತ್ತಿದಳು. ಎಲ್ಲ ವಾಪಸ್ ಬಂತು. "ಹೇಗೆ ಗೊತ್ತಾಯ್ತು?" ಅಂದೆ. "ಕಾರ್ಟೂನ್ ಭಾಷೆ ಬದಲಾಯಿಸ್ತೀನಲ್ಲ ಅಪ್ಪ, ದಿನಾ" ಅಂದಳು.

ಜಾಹೀರಾತು ತಾನೇ ಹಾರಿಸುವ ಸೌಲಭ್ಯದ ಮೇಲೆ ನನಗೆ ಮೊದಲಿಂದಲೂ ಅನುಮಾನ. 2001ರಲ್ಲಿ ರಿಪ್ಲೇಟಿವಿಯವರು ಅದನ್ನು ಮಾಡಿಯೇ ಬಿಟ್ಟರು. ಟಿವಿ ಕಂಪನಿಗಳೆಲ್ಲ ಸೇರಿ ಕೋರ್ಟಿಗೆಳೆದವು. ಅದರ ಒಡೆಯ ಸಾನಿಕ್‌ಬ್ಲೂ ಕಂಪನಿ 2003ರಲ್ಲಿ ದಿವಾಳಿ ಅರ್ಜಿ ಹಾಕಿತು. ರೆಕಾರ್ಡ್ ಮಾಡಿ ಆಮೇಲೆ ನೋಡುವುದೇ ತಪ್ಪಲ್ಲ ಅಂತ ಅಮೆರಿಕದ ಸುಪ್ರೀಂ ಕೋರ್ಟ್ 1984ರಲ್ಲಿ ಹೇಳಿದ್ದೂ 5-4ರ ಅಂತರದಲ್ಲಿ. ಒಬ್ಬ ನ್ಯಾಯಾಧೀಶರು ಆಚೆ ವಾಲಿದ್ದರೆ ಏನಾಗುತ್ತಿತ್ತೋ. ಅದಿರಲಿ, ಯಂತ್ರಕ್ಕೆ ಜಾಹೀರಾತು ಯಾವುದು ಅಂತ ಗೊತ್ತಾಗುವುದು ಹೇಗೆ? ಪರದೆ ಒಂದು ಕ್ಷಣ ಕಪ್ಪಾಗುವುದು, ಸದ್ದು ದಿಢೀರ್ ಬದಲಾಗುವುದು, ಇಂಥ ಸುಳಿವು ಹಿಡಿದು ಊಹಿಸುವುದು ಒಂದು ದಾರಿ. ಅಮ್ಮ ನೋಡುವ ಧಾರಾವಾಹಿಯಲ್ಲಿ ಯಾರಾದರೂ ಬಾಗಿಲು ತೆರೆದರೆ ಪರದೆ ಮೂರು ಸಲ ಕಪ್ಪಾಗುತ್ತದೆ, ಸಿಡಿಲು ಬಡಿಯುತ್ತದೆ. ಆ ಪೆಟ್ಟಿಗೆ ಕಥೆಯನ್ನೆಲ್ಲ ಹಾರಿಸಿ ಜಾಹೀರಾತನ್ನು ಜೋಪಾನವಾಗಿ ಉಳಿಸುವ ಸಂಭವವೇ ಜಾಸ್ತಿ.

ಈಗ ಹಾಡಿನ ಸ್ಪರ್ಧೆಯ ಪ್ರಕರಣ. ಇದರಲ್ಲಿ ನನ್ನ ಮಾನ ಪೂರ್ತಿ ಹೋಯಿತು.

ಹೆಂಡತಿ ಐದು ತಿಂಗಳು ಒಂದೂ ಬಿಡದೆ ನೋಡಿದ ಸ್ಪರ್ಧೆ. ಫೈನಲ್ ದಿನ ನಾವು ಒಂದು ಮದುವೆಗೆ ಹೋಗಬೇಕಿತ್ತು. ರೆಕಾರ್ಡಿಂಗಿಗೆ ಹಾಕಿದ್ದು ನಾನು. ಹಾಕಿ, ಕೆಂಪು ದೀಪ ಉರಿಯುವುದನ್ನು ತೋರಿಸಿ, ಬಾಗಿಲು ಹಾಕಿಕೊಂಡು ಹೊರಟೆವು. ಮರುದಿನ ಸಂಜೆವರೆಗೆ ಫಲಿತಾಂಶ ಕಿವಿಗೆ ಬೀಳದಂತೆ ಅವಳು ಪಟ್ಟ ಕಷ್ಟ ಹೇಳತೀರದು. ಅಕ್ಕನ ಫೋನನ್ನೂ ಎತ್ತಲಿಲ್ಲ. ಸಂಜೆ ಎಲ್ಲರೂ ಕೂತೆವು. ಮೂರು ಗಂಟೆ ನೋಡಿದೆವು. ಕೊನೆಗೆ ನಿರೂಪಕ ಲಕೋಟೆ ಎತ್ತಿದ. ಅಂಟು ಬಿಡಿಸಿದ. ಕಾಗದ ಅರ್ಧ ಹೊರಬಂತು. "ಈ ವರ್ಷದ..." ಅಂದ.

'ರೆಕಾರ್ಡಿಂಗ್ ಮುಗಿದಿದೆ. ಅಳಿಸಬೇಕೇ?'

ಆ ಪೆಟ್ಟಿಗೆಗೆ ಕರುಣೆ ಇರಲಿಲ್ಲ, ವೇಳಾಪಟ್ಟಿ ಇತ್ತು. ಕಾರ್ಯಕ್ರಮ ಆರು ನಿಮಿಷ ತಡವಾಗಿ ಮುಗಿದಿತ್ತು. ಪಟ್ಟಿಯಲ್ಲಿದ್ದ ಹೊತ್ತಿಗೆ ಸರಿಯಾಗಿ ಅದು ಕೈ ತೊಳೆದುಕೊಂಡಿತ್ತು. ಕೋಣೆಯಲ್ಲಿ ಯಾರೂ ಮಾತಾಡಲಿಲ್ಲ. ನಾನು ಮಾತಾಡಬಾರದಿತ್ತು. "ಹೊಸ ಪೆಟ್ಟಿಗೆಯಲ್ಲಿ ಈ ತೊಂದರೆ ಇರಲ್ಲವಂತೆ" ಅಂದೆ. "ಕಾರ್ಯಕ್ರಮ ಮುಗಿದ ಮೇಲೂ ಒಂದಿಷ್ಟು ನಿಮಿಷ ಹೆಚ್ಚಿಗೆ ರೆಕಾರ್ಡ್ ಮಾಡೋ ಸೌಲಭ್ಯ ಇಟ್ಟಿದ್ದಾರಂತೆ."

ಹೆಂಡತಿ ರಿಮೋಟ್ ತೆಗೆದುಕೊಂಡಳು. ಮೆನು ತೆರೆದಳು. ರೆಕಾರ್ಡಿಂಗ್ ಅನ್ನುವ ಪುಟಕ್ಕೆ ಹೋದಳು. ಅಲ್ಲಿ ಮೂರನೇ ಸಾಲು: 'ಕೊನೆಯಲ್ಲಿ ಹೆಚ್ಚುವರಿ ಸಮಯ: ಇಲ್ಲ.' ಬಾಣದ ಗುಂಡಿ ಒತ್ತಿದಳು. 5 ನಿಮಿಷ. 10 ನಿಮಿಷ. 30 ನಿಮಿಷ. ಒಂದು ಗಂಟೆ.

"ಇದೆಯಂತೆ ಅಲ್ಲ ರೀ" ಅಂದಳು. "ಇದೆ."

ಅಷ್ಟಕ್ಕೆ ಬಿಡಲಿಲ್ಲ. ನಾನೂ ಗೆಳೆಯನೂ ಹೊಸ ಪೆಟ್ಟಿಗೆಯ ಸೌಲಭ್ಯಗಳನ್ನು ಪಟ್ಟಿ ಮಾಡಿ ಫ್ರಿಜ್ಜಿನ ಮೇಲೆ ಅಂಟಿಸಿದ್ದೆವು. ಅದನ್ನು ಕಿತ್ತು ತಂದಳು. ಒಂದೊಂದೇ ಓದುತ್ತ ಹಳೆಯ ಪೆಟ್ಟಿಗೆಯ ಮೆನುವಿನಲ್ಲಿ ಹುಡುಕಿದಳು. ಧಾರಾವಾಹಿಯ ಎಲ್ಲ ಕಂತುಗಳನ್ನೂ ತಾನೇ ಹಿಡಿಯುವುದು, ಇದೆ. ನೋಡಿದ್ದನ್ನು ತಾನೇ ಅಳಿಸುವುದು, ಇದೆ. ಹೆಸರು ಹಾಕಿ ಹುಡುಕುವುದು, ಇದೆ. ಮುಂದಿನ ದೀಪದ ಬೆಳಕು ಕಡಿಮೆ ಮಾಡುವುದು, ಅದೂ ಇದೆ. ಎರಡು ವರ್ಷದಿಂದ ನಾನು ರಾತ್ರಿ ಆ ದೀಪದ ಮೇಲೆ ಕರವಸ್ತ್ರ ಹಾಕಿ ಮಲಗುತ್ತಿದ್ದೆ. ಹನ್ನೊಂದರಲ್ಲಿ ಏಳು ಹಳೆಯದರಲ್ಲೇ ಸಿಕ್ಕವು. ಇಲ್ಲದ ಪೆಟ್ಟಿಗೆಯ ಬಗ್ಗೆ ನನಗೆ ಎಲ್ಲ ಗೊತ್ತಿತ್ತು. ಇರುವುದರ ಕೈಪಿಡಿ ಇನ್ನೂ ಪ್ಲಾಸ್ಟಿಕ್ ಕವರಿನೊಳಗೇ ಇತ್ತು.

ಎರಡು ಟಿಬಿ ಡಿಸ್ಕ್ ಒಂದು ಬಾಕಿ ಉಳಿಯಿತಲ್ಲ, ಅದನ್ನು ಹಿಡಿದುಕೊಂಡೆ. ಲೆಕ್ಕ ಹೇಳಿದೆ. ಎಚ್‌ಡಿ ಚಾನೆಲ್ ಸೆಕೆಂಡಿಗೆ 8 ಮೆಗಾಬಿಟ್ ಅಂದರೆ ಗಂಟೆಗೆ 3.6 ಜಿಬಿ. ಎರಡು ಟಿಬಿಗೆ 555 ಗಂಟೆ. "ಅಂದ್ರೆ ನಿದ್ದೆ ಬಿಟ್ಟು ನೋಡಿದ್ರೂ 23 ದಿನ!" ಅಂದೆ. ಅವಳು ಹಳೆಯದರ ಪಟ್ಟಿ ತೆರೆದು ತೋರಿಸಿದಳು. 91 ಶೇಕಡ ತುಂಬಿತ್ತು. ಮಗಳ ಒಂದೇ ಕಾರ್ಟೂನಿನ 46 ಕಂತು. ಅಮ್ಮನ ಧಾರಾವಾಹಿ, ನೋಡಿದವು ನೋಡದವು ಎಲ್ಲ ಕಲಸಿಕೊಂಡು. ಎಲ್ಲಕ್ಕಿಂತ ಕೆಳಗೆ, ಸಮುದ್ರದ ಆಳದ ಬಗ್ಗೆ ನಾನು ಹಿಡಿದಿಟ್ಟ ನಾಲ್ಕು ಭಾಗದ ಸಾಕ್ಷ್ಯಚಿತ್ರ. ಮೂರು ವರ್ಷವಾಗಿತ್ತು. ಮೊದಲ ಭಾಗವನ್ನು ನಾನು ಏಳು ನಿಮಿಷ ನೋಡಿದ್ದೇನೆ ಅಂತ ಪೆಟ್ಟಿಗೆಯೇ ಬರೆದಿಟ್ಟುಕೊಂಡಿತ್ತು. ಸಾಕ್ಷಿ ಹೇಳುವುದರಲ್ಲಿ ಅದಕ್ಕೂ ದಾಕ್ಷಿಣ್ಯ ಇಲ್ಲ.

ಅದಕ್ಕೆ ವಯಸ್ಸಾಗಿತ್ತು ಪಾಪ. ಈ ಪೆಟ್ಟಿಗೆಗಳಿಗೆ ವಿಶ್ರಾಂತಿ ಅನ್ನುವುದೇ ಇಲ್ಲ. ನೀವು ನೇರ ಪ್ರಸಾರವನ್ನು ಹಿಂದಕ್ಕೆ ಓಡಿಸಬೇಕಲ್ಲ, ಅದಕ್ಕಾಗಿ ನೀವು ನೋಡುತ್ತಿರುವುದನ್ನೆಲ್ಲ ಅದು ಸುಮ್ನೆ ಬರೆದುಕೊಳ್ಳುತ್ತಲೇ ಇರುತ್ತದೆ. ಎಷ್ಟೋ ಪೆಟ್ಟಿಗೆಗಳಲ್ಲಿ ಸ್ಟ್ಯಾಂಡ್‌ಬೈಗೆ ಹಾಕಿದರೂ ಡಿಸ್ಕ್ ತಿರುಗುವುದು ನಿಲ್ಲುವುದಿಲ್ಲ. ನಮ್ಮದೂ ಹಾಗೇ. ಒಂದು ರಾತ್ರಿಯಿಂದ ಅದು ಟಕ್ ಟಕ್ ಅನ್ನತೊಡಗಿತು. ಚಿತ್ರ ನಡುನಡುವೆ ಹೆಪ್ಪುಗಟ್ಟುತ್ತಿತ್ತು.

ನಾನು ಹುಷಾರಾದೆ. ಡಿಸ್ಕ್ ಬಿಚ್ಚಿ ಕಂಪ್ಯೂಟರಿಗೆ ಸಿಕ್ಕಿಸಿ ಎಲ್ಲ ನಕಲು ಮಾಡಿಕೊಳ್ಳೋಣ ಅಂದುಕೊಂಡೆ. ಅದಾಗದ ಕೆಲಸ. ಇಂಥ ರೆಕಾರ್ಡಿಂಗುಗಳಿಗೆ ಹಾಕಿರುವ ಬೀಗ ಆ ಒಂದು ಪೆಟ್ಟಿಗೆಗೆ ಮಾತ್ರ ಗೊತ್ತು. ಪೆಟ್ಟಿಗೆ ಹೋದರೆ ಅದರ ಜೊತೆಗೇ ಸಹಗಮನ. ಏನು ಮಾಡುವುದು ಅಂತ ಕೇಳಲು ಗೆಳೆಯನಿಗೆ ಫೋನ್ ಮಾಡಿದೆ. ಅವನು ಕಾಯುತ್ತಿದ್ದ. "ಅದಕ್ಕೇ ಕಣೋ, ಹೊಸದರಲ್ಲಿ ಎರಡು ಡಿಸ್ಕ್ ಇಡ್ತಾರಂತೆ. ಒಂದು ಕೆಟ್ರೂ ಇನ್ನೊಂದರಲ್ಲಿ ಎಲ್ಲ ಹಾಗೇ ಇರುತ್ತಂತೆ!" ಅದು ಹೇಗೆ, ಡಿಸ್ಕ್ ಬಿಸಿಯಾಗುವುದಿಲ್ಲವೇ, ಫ್ಯಾನ್ ಇಲ್ಲದೆ ನಡೆಯುತ್ತದೆಯೇ ಅಂತ ನಾವು ಅರ್ಧ ಗಂಟೆ ಚರ್ಚೆ ಮಾಡಿದೆವು. ಫ್ಯಾನ್ ಇರಬಹುದು, ಆದರೆ ಸದ್ದಿಲ್ಲದ ಫ್ಯಾನ್ ಅಂತ ತೀರ್ಮಾನಕ್ಕೆ ಬಂದೆವು.

ಆ ಅರ್ಧ ಗಂಟೆಯಲ್ಲಿ ಟಿವಿಯ ಮೇಲೆ ಒಂದು ಪ್ರಶ್ನೆ ಬಂದಿತ್ತು. 'ಡಿಸ್ಕ್‌ನಲ್ಲಿ ದೋಷ ಕಂಡುಬಂದಿದೆ. ಫಾರ್ಮ್ಯಾಟ್ ಮಾಡಬೇಕೇ?' ಎದುರಿಗೆ ಕೂತಿದ್ದವಳು ಅಮ್ಮ. ಪರದೆಯ ಮೇಲೆ ಏನೇ ಬಂದರೂ ಅಮ್ಮ ಓಕೆ ಒತ್ತುತ್ತಾಳೆ. ಬಾಯಿಬಿಟ್ಟು ಕೇಳಿದವರಿಗೆ ಇಲ್ಲ ಅನ್ನುವುದು ಅವಳ ಸ್ವಭಾವದಲ್ಲೇ ಇಲ್ಲ. 'ಎಲ್ಲ ರೆಕಾರ್ಡಿಂಗ್ ಅಳಿಸಿಹೋಗುತ್ತವೆ. ಖಚಿತವೇ?' ಅಂತ ಇನ್ನೊಮ್ಮೆ ಕೇಳಿತಂತೆ. ಅಷ್ಟು ವಿನಯವಾಗಿ ಎರಡು ಸಲ ಕೇಳಿದ ಮೇಲೆ ಅವಳು ಇನ್ನೇನು ಮಾಡಿಯಾಳು?

ನಾನು ಫೋನಿಟ್ಟು ಬಂದಾಗ ಪಟ್ಟಿ ಬೆಳ್ಳಗಿತ್ತು. ಟಕ್ ಟಕ್ ಸದ್ದು ನಿಂತಿತ್ತು. 46 ಕಾರ್ಟೂನ್ ಹೋಗಿದ್ದಕ್ಕೆ ಮಗಳು ಐದು ನಿಮಿಷ ಅತ್ತಳು. ಆಮೇಲೆ ಅದೇ ಕಾರ್ಟೂನ್ ಚಾನೆಲ್ಲಿನಲ್ಲಿ ಬರುತ್ತಿದ್ದದ್ದನ್ನು ನೋಡಿ ಮರೆತಳು. ಲಕೋಟೆ ಅರ್ಧ ಬಿಚ್ಚಿದ ನಿರೂಪಕನೂ ಹೋಗಿದ್ದ. ಹೆಂಡತಿ ನನ್ನ ಹತ್ತಿರ ಬಂದು, ಸಾವಿನ ಮನೆಯಲ್ಲಿ ಮಾತಾಡಿಸುವ ಹಾಗೆ ಮೆಲ್ಲಗೆ, "ಸಮುದ್ರಾನೂ ಹೋಯ್ತಾ?" ಅಂತ ಕೇಳಿದಳು. ಹೂಂ ಅಂದೆ. ನಿಜ ಹೇಳಬೇಕೆಂದರೆ ಬೆನ್ನ ಮೇಲಿಂದ ಮೂಟೆ ಇಳಿಸಿದ ಹಾಗಾಗಿತ್ತು. ಮುಖ ಮಾತ್ರ ಸಣ್ಣದು ಮಾಡಿಕೊಂಡೇ ಇದ್ದೆ.

ನಿನ್ನೆ ರಾತ್ರಿ ಅಮ್ಮನ ಧಾರಾವಾಹಿಯ ಹೊತ್ತಿಗೆ ಸರಿಯಾಗಿ ಫೋನ್ ಬಂತು. ನಾನು ಟಿವಿ ಪಕ್ಕದಲ್ಲೇ ನಿಂತು ಎತ್ತಿದೆ. ಗೆಳೆಯ ಏದುಸಿರು ಬಿಡುತ್ತಿದ್ದ.

"ಲೋ, ಎಂಟಲ್ಲವಂತೆ. ಹತ್ತು ಟ್ಯೂನರ್ ಅಂತೆ!"

"ಹತ್ತಾ?"

ಅಮ್ಮ ರಿಮೋಟನ್ನು ನೇರ ನನ್ನ ಎದೆಗೆ ಹಿಡಿದು ಪಾಜ್ ಗುಂಡಿ ಒತ್ತಿದಳು. ಧಾರಾವಾಹಿ ನಿಂತಿತು, ಯಾರೋ ಬಾಗಿಲು ಅರ್ಧ ತೆರೆದ ಜಾಗದಲ್ಲಿ.

"ತಂತಿ ಒಂದೇ ತಾನೇ?" ಅಂತ ನಾನು ಕೇಳುತ್ತಲೇ ಇದ್ದೆ.